ಬಡ್ತಿ ನಿಂತರೆ ದೂರು ಯಾರ ಹೆಸರಿನಲ್ಲಿ? ಪಟಾನ್‌ಚೆರುವಿನಿಂದ ಮೈಸೂರಿನವರೆಗೆ ಒಂದು ಚರಿತ್ರೆ

ಈ ವಾರದ ಮಾತನ್ನು ಓದುವವರಿಗೆ ಅನುಕೂಲ ಆಗಲಿ ಅಂತ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳೂ ಸೇರಿವೆ.

ವಿಷಯ ಇದು. ಕಂಪನಿಯೊಂದು ತನ್ನ ನೌಕರರಿಗೆ ಹೇಳುತ್ತೆ: ಈ ಟ್ರೈನಿಂಗ್ ಮುಗಿಸಿ, ಪರೀಕ್ಷೆ ಪಾಸ್ ಮಾಡಿ, ಮುಂದಿನ ಗ್ರೇಡಿಗೆ ಹೋಗ್ತೀರಿ. ಜನ ಆಫೀಸ್ ಮುಗಿಸಿ ಬಂದು ರಾತ್ರಿ ಕೂತು ಓದ್ತಾರೆ. ಒಂದು ದಿನ ಮೇಲ್ ಬರುತ್ತೆ. ಕಾರ್ಯಕ್ರಮವನ್ನು ಮುಂದಿನ ಸೂಚನೆಯವರೆಗೆ ತಡೆಹಿಡಿಯಲಾಗಿದೆ. ರದ್ದು ಮಾಡಿದ್ದೇವೆ ಅಂತ ಯಾರೂ ಹೇಳಲ್ಲ. ‘ಹೋಲ್ಡ್’ ಅಂತಾರೆ. ಆರು ತಿಂಗಳು ಹೋಗುತ್ತೆ, ವರ್ಷ ಹೋಗುತ್ತೆ. ಇದಕ್ಕೆ ದೂರು ಕೊಡೋಕೆ ಆಗುತ್ತಾ? ಆದರೆ ಯಾರಿಗೆ ಕೊಡಬೇಕು, ಯಾರ ಹೆಸರಿನಲ್ಲಿ ಕೊಡಬೇಕು?

ನಾನು ಇರೋದು ಪಟಾನ್‌ಚೆರುವಿನಲ್ಲಿ. ಹೈದರಾಬಾದಿನ ಪಶ್ಚಿಮಕ್ಕೆ, ಜಹೀರಾಬಾದ್ ದಾಟಿ ಹುಮನಾಬಾದ್ ಕಡೆ ಹೋಗೋ ಹೆದ್ದಾರಿಯ ಮೇಲಿರೋ ಊರು. ಬೀದರ್, ಕಲಬುರಗಿ ಕಡೆಯವರಿಗೆ ಇದು ಪರಸ್ಥಳ ಅನ್ನಿಸೋದೇ ಇಲ್ಲ. ಐಟಿಯವರು ಸ್ವಲ್ಪ ಬಾಡಿಗೆ ಉಳಿಯುತ್ತೆ ಅಂತ ಇಲ್ಲಿಗೆ ಬರ್ತಾರೆ, ಕಾರ್ಖಾನೆಯವರು ಕೆಲಸ ಇದೆ ಅಂತ ಬರ್ತಾರೆ. ಈ ಊರಿನ ಸುತ್ತಮುತ್ತಲೇ ನಮ್ಮ ಪ್ರಶ್ನೆಯ ಅರ್ಧ ಚರಿತ್ರೆ ಇದೆ. ಇನ್ನರ್ಧ ಬೆಂಗಳೂರು ಮತ್ತು ಮೈಸೂರಿನಲ್ಲಿದೆ.

ಏನೂ ಆಗದೇ ಇರೋದು ಒಂದು ಘಟನೆಯಾ?

ಕೆಲಸದಿಂದ ತೆಗೆದರೆ ಕೈಗೆ ಒಂದು ಪತ್ರ ಬರುತ್ತೆ. ಅದರ ಮೇಲೆ ತಾರೀಖು, ಸಹಿ, ಕಾರಣ ಇರುತ್ತೆ. ಸಂಬಳ ಕಡಿತ ಮಾಡಿದರೆ ಪೇ ಸ್ಲಿಪ್ ಸಾಕ್ಷಿ ಹೇಳುತ್ತೆ. ಬಡ್ತಿ ನಿಂತಾಗ ಇದ್ಯಾವುದೂ ಇರಲ್ಲ. ನಿನ್ನೆ ಇದ್ದ ಸಂಬಳ ಇವತ್ತೂ ಬರುತ್ತೆ, ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ನಷ್ಟ ಆಗಿರೋದು ಮುಂದಿನ ದಿನಗಳಲ್ಲಿ. ಎರಡು ವರ್ಷ ತಡವಾಗಿ ಸಿಕ್ಕ ಗ್ರೇಡ್, ಅದರ ಮೇಲಿನ ಗ್ರೇಡನ್ನೂ ಎರಡು ವರ್ಷ ತಳ್ಳುತ್ತೆ. ಮುಂದಿನ ಕಂಪನಿ ಹಳೇ ಸಂಬಳದ ಮೇಲೇ ಲೆಕ್ಕ ಹಾಕುತ್ತೆ. ಬ್ಯಾಂಕಿನವರು ಮನೆ ಸಾಲಕ್ಕೆ ನೋಡೋದೂ ಅದನ್ನೇ.

ನಮ್ಮ ದೇಶದ ಕಾರ್ಮಿಕ ಕಾನೂನು ಈ ವ್ಯತ್ಯಾಸವನ್ನು ಒಂದು ವಿಚಿತ್ರ ರೀತಿಯಲ್ಲಿ ಗುರುತಿಸಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ವಿವಾದ ಅಂದರೆ ಮೂಲತಃ ಗುಂಪಿನ ವಿವಾದ ಆಗಿತ್ತು. ಒಬ್ಬ ನೌಕರನ ತಕರಾರನ್ನು ಯೂನಿಯನ್ ಅಥವಾ ಸಾಕಷ್ಟು ಸಂಖ್ಯೆಯ ಸಹೋದ್ಯೋಗಿಗಳು ತಮ್ಮದು ಅಂತ ಎತ್ತಿಕೊಂಡರೆ ಮಾತ್ರ ಅದು ಕೈಗಾರಿಕಾ ವಿವಾದ ಆಗುತ್ತೆ ಅಂತ 1950ರ ದಶಕದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರಿಂದ ಯೂನಿಯನ್ ಇಲ್ಲದ ಒಂಟಿ ಕಾರ್ಮಿಕರಿಗೆ ಅನ್ಯಾಯ ಆಗ್ತಿದೆ ಅಂತ 1965ರಲ್ಲಿ ಒಂದು ತಿದ್ದುಪಡಿ ತಂದರು, 2ಎ ಕಲಂ. ಇದರ ಪ್ರಕಾರ ವಜಾ, ಡಿಸ್ಚಾರ್ಜ್, ರಿಟ್ರೆಂಚ್‌ಮೆಂಟ್, ಒಟ್ಟಿನಲ್ಲಿ ಕೆಲಸ ಹೋದ ಸಂದರ್ಭದಲ್ಲಿ ಒಬ್ಬನೇ ನಿಂತು ವಿವಾದ ಎತ್ತಬಹುದು. ಆದರೆ ಆ ಕಲಮಿನಲ್ಲಿ ಬಡ್ತಿ ಇಲ್ಲ. ಟ್ರೈನಿಂಗ್ ಇಲ್ಲ. ಗ್ರೇಡ್ ಇಲ್ಲ.

ಇವತ್ತಿನ ಮಾತಿನ ತಿರುಳು ಇಷ್ಟೇ: ಕೆಲಸ ಹೋದರೆ ಕಾನೂನಿನ ಬಾಗಿಲಿಗೆ ಒಬ್ಬರೇ ಹೋಗಬಹುದು. ಬಡ್ತಿ ನಿಂತರೆ ಜೊತೆಗೆ ಜನ ಬೇಕು. ನಮ್ಮ ಐಟಿ ಬದುಕು ಬಡ್ತಿಯ ವಿಷಯದಲ್ಲೇ ನಮ್ಮನ್ನು ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿಟ್ಟಿದೆ. ಪಕ್ಕದ ಸೀಟಿನವರ ರೇಟಿಂಗ್ ಎಷ್ಟು ಅಂತ ನಮಗೆ ಗೊತ್ತಿಲ್ಲ, ಕೇಳೋದೂ ಸಭ್ಯತೆ ಅಲ್ಲ.

ಗಡಿಯಾರ ಕಟ್ಟಿದವರು

ದೂರನ್ನು ಬರೆದು ಕೊಡೋ ಪದ್ಧತಿ ಎಲ್ಲಿಂದ ಬಂತು? 1958ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಯೂನಿಯನ್‌ಗಳು ಮೂವರೂ ಕೂತು ‘ಶಿಸ್ತು ಸಂಹಿತೆ’ ಮತ್ತು ಅದರ ಜೊತೆಗೆ ಒಂದು ‘ಮಾದರಿ ಕುಂದುಕೊರತೆ ವಿಧಾನ’ ಒಪ್ಪಿಕೊಂಡರು. ಇದು ಕಾನೂನಲ್ಲ, ಒಪ್ಪಂದ. ಆದರೆ ಸಾರ್ವಜನಿಕ ವಲಯದ ಎಷ್ಟೋ ಕಾರ್ಖಾನೆಗಳ ನಿಯಮ ಪುಸ್ತಕಗಳಿಗೆ ಇದೇ ಅಚ್ಚು ಆಯಿತು.

ನಮ್ಮ ಕಣ್ಣಿಗೆ ಇದು ತುಂಬಾ ಪರಿಚಿತ ವ್ಯವಸ್ಥೆ. ನೌಕರ ಮೊದಲು ತನ್ನ ಮೇಲಿನ ಅಧಿಕಾರಿಗೆ ಹೇಳಬೇಕು. ಆತ 48 ಗಂಟೆಯೊಳಗೆ ಉತ್ತರ ಕೊಡಬೇಕು. ಒಪ್ಪಿಗೆ ಆಗದಿದ್ದರೆ ವಿಭಾಗದ ಮುಖ್ಯಸ್ಥ, ಅವರಿಗೆ ಮೂರು ದಿನ. ಅಲ್ಲೂ ಆಗದಿದ್ದರೆ ಎರಡೂ ಕಡೆಯ ಪ್ರತಿನಿಧಿಗಳಿರೋ ಕುಂದುಕೊರತೆ ಸಮಿತಿ, ಅದಕ್ಕೆ ಏಳು ದಿನ. ಆಮೇಲೆ ಆಡಳಿತಕ್ಕೆ ಮೇಲ್ಮನವಿ, ಕೊನೆಗೆ ಇಬ್ಬರೂ ಒಪ್ಪಿದ ಮಧ್ಯಸ್ಥರು. ನಾವು ದಿನಾ ನೋಡೋ ಟಿಕೆಟ್ ವ್ಯವಸ್ಥೆ ಇದು. ಪ್ರತಿ ಹಂತಕ್ಕೂ ಒಂದು ಗಡುವು, ಗಡುವು ಮೀರಿದರೆ ತಾನಾಗಿಯೇ ಮೇಲಿನ ಹಂತ.

ಇದರ ಜಾಣತನ ಗಡುವಿನಲ್ಲಿದೆ. ‘ಹೋಲ್ಡ್’ ಅನ್ನೋದಕ್ಕೆ ತಾರೀಖಿಲ್ಲ ಅಂದ್ನಲ್ಲ, ದೂರಿಗೆ ತಾರೀಖಿದೆ. ದೂರು ಕೊಟ್ಟ ದಿನದಿಂದ ಉತ್ತರ ಕೊಡದೇ ಇರೋದೂ ಒಂದು ಘಟನೆ ಆಗುತ್ತೆ. ಏನೂ ಆಗದೇ ಇದ್ದ ಕಡೆ ಏನೋ ಆಗಿದೆ ಅಂತ ದಾಖಲೆ ಹುಟ್ಟುತ್ತೆ.

ಬಡ್ತಿ ಮಾಲೀಕರ ಇಷ್ಟವಾ?

ಎಚ್‌ಆರ್ ಕಡೆಯಿಂದ ಬರೋ ಮೊದಲ ಉತ್ತರ ಸಾಮಾನ್ಯವಾಗಿ ಇದೇ: ಬಡ್ತಿ ಕೊಡೋದು ಬಿಡೋದು ಆಡಳಿತದ ವಿವೇಚನೆ. ಇದು ಸುಳ್ಳಲ್ಲ. ಬ್ರೂಕ್ ಬಾಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಬಡ್ತಿ ಸಾಮಾನ್ಯವಾಗಿ ಆಡಳಿತದ ಕೆಲಸ ಅಂತ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ದುರುದ್ದೇಶದಿಂದ ಅಥವಾ ಯೂನಿಯನ್ ಚಟುವಟಿಕೆಯ ಸೇಡಿಗೆ ಬಡ್ತಿ ತಪ್ಪಿಸಿದರೆ ಟ್ರಿಬ್ಯುನಲ್ ಕೈ ಹಾಕಬಹುದು. ಮುಂದೆ 1982ರ ತಿದ್ದುಪಡಿಯಲ್ಲಿ ಈ ಮಾತು ಕಾಯ್ದೆಯೊಳಗೇ ಬಂತು. ಯೂನಿಯನ್ ಕೆಲಸ ಮಾಡಿದ್ದಕ್ಕೆ ಬಡ್ತಿ ನಿರಾಕರಿಸೋದು, ನೌಕರರಲ್ಲಿ ಒಡಕು ತರೋಕೆ ಅಂತಲೇ ಅರ್ಹತೆ ಇಲ್ಲದವರಿಗೆ ಬಡ್ತಿ ಕೊಡೋದು, ಎರಡನ್ನೂ ‘ಅನುಚಿತ ಕಾರ್ಮಿಕ ಪದ್ಧತಿ’ ಅಂತ ಐದನೇ ಶೆಡ್ಯೂಲಿನಲ್ಲಿ ಪಟ್ಟಿ ಮಾಡಿದರು.

ಇನ್ನೊಂದು ಕಲಂ ನೆನಪಿಡಿ, ಹಳೇ ಕಾಯ್ದೆಯ 9ಎ. ಸೇವಾ ಷರತ್ತುಗಳಲ್ಲಿ ಕೆಲವು ಬದಲಾವಣೆ ಮಾಡಬೇಕಾದರೆ ಮಾಲೀಕರು 21 ದಿನದ ನೋಟಿಸ್ ಕೊಡಬೇಕು. ಯಾವ ಬದಲಾವಣೆ ಅಂದರೆ ಗ್ರೇಡುಗಳ ವರ್ಗೀಕರಣ, ರೂಢಿಯಿಂದ ಬಂದ ಸೌಲಭ್ಯ ಹಿಂತೆಗೆಯೋದು ಇತ್ಯಾದಿ. ವರ್ಷ ವರ್ಷ ನಡೆದುಕೊಂಡು ಬಂದ ಟ್ರೈನಿಂಗ್ ಮತ್ತು ಬಡ್ತಿ ವ್ಯವಸ್ಥೆಯನ್ನು ಏಕಾಏಕಿ ನಿಲ್ಲಿಸಿದರೆ, ಅದು ರೂಢಿಯ ಸೌಲಭ್ಯ ಕಿತ್ತುಕೊಂಡ ಹಾಗೆ ಅಂತ ಯೂನಿಯನ್ ವಾದ ಮಾಡಬಹುದು. ಗೆಲ್ಲುತ್ತೆ ಅಂತ ಖಾತ್ರಿ ಇಲ್ಲ. ಆದರೆ ವಾದ ಇದೆ.

ಅದಕ್ಕಿಂತ ಗಟ್ಟಿ ನೆಲ ಇರೋದು ಲಿಖಿತ ಒಪ್ಪಂದದಲ್ಲಿ. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರನ್ನೂ ಕಟ್ಟಿಹಾಕುತ್ತೆ, ಆಮೇಲೆ ಸೇರಿದವರನ್ನೂ. ಅವಧಿ ಮುಗಿದರೂ ಯಾರಾದರೂ ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆಯೋವರೆಗೆ ಅದು ಜಾರಿಯಲ್ಲೇ ಇರುತ್ತೆ. ಅಂಥ ಒಪ್ಪಂದದೊಳಗೆ ಟ್ರೈನಿಂಗ್ ಮತ್ತು ಬಡ್ತಿಯ ಸಾಲು ಇದ್ದರೆ, ಒಂದು ಮೇಲ್ ಹಾಕಿ ‘ಹೋಲ್ಡ್’ ಅನ್ನೋಕೆ ಆಗಲ್ಲ. ಹೀಗೆ ಬರೆಸಿಕೊಳ್ಳೋ ಶಕ್ತಿ ಯಾರಿಗಿತ್ತು ಅನ್ನೋದನ್ನ ನೋಡೋಕೆ ಪಟಾನ್‌ಚೆರುವಿನಿಂದ ಸ್ವಲ್ಪ ದೂರ ಹೋದರೆ ಸಾಕು.

ರಾಮಚಂದ್ರಾಪುರದ ಸಂಬಳ, ಬೆಂಗಳೂರಿನ ಮುಷ್ಕರ

ನಮ್ಮೂರಿನಿಂದ ಹೈದರಾಬಾದ್ ಕಡೆ ಹೊರಟರೆ ಸಿಗೋದು ರಾಮಚಂದ್ರಾಪುರ, ಅಲ್ಲಿ ಬಿಎಚ್‌ಇಎಲ್ ಕಾರ್ಖಾನೆ ಮತ್ತು ಟೌನ್‌ಶಿಪ್. 1960ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಎದ್ದಿದ್ದು, ವಿದ್ಯುತ್ ಸ್ಥಾವರಗಳಿಗೆ ಟರ್ಬೈನ್ ಮಾಡೋ ಜಾಗ. ಇಲ್ಲಿನವರ ಬಾಯಲ್ಲಿ ‘ಬೀಎಚ್ಚೀಎಲ್’ ಅನ್ನೋದು ಬಸ್ ಸ್ಟಾಪಿನ ಹೆಸರು. ಆದರೆ 1980ರಲ್ಲಿ ಬೆಂಗಳೂರಿನ ಕಾರ್ಮಿಕರ ಬಾಯಲ್ಲಿ ಅದು ಒಂದು ಬೇಡಿಕೆಯ ಹೆಸರಾಗಿತ್ತು.

ಬೆಂಗಳೂರಿನ ಐದು ದೊಡ್ಡ ಸಾರ್ವಜನಿಕ ಉದ್ಯಮಗಳು ನಿಮಗೆ ಗೊತ್ತಿರೋವೇ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್. ಬಿಎಚ್‌ಇಎಲ್ ನೌಕರರಿಗೆ ಸಿಕ್ಕ ವೇತನ ನಮಗೂ ಬೇಕು, ಕೆಲಸವೂ ಅದೇ ಮಟ್ಟದ್ದು, ಮಾಲೀಕರೂ ಅದೇ ಕೇಂದ್ರ ಸರ್ಕಾರ ಅನ್ನೋದು ಇವರ ವಾದ. ಈ ಕಂಪನಿಗಳ ಯೂನಿಯನ್‌ಗಳು ಜಂಟಿ ಹೋರಾಟ ರಂಗ ಕಟ್ಟಿಕೊಂಡು 1980ರ ಡಿಸೆಂಬರ್ ಕೊನೆಯಲ್ಲಿ ಮುಷ್ಕರಕ್ಕೆ ಇಳಿದವು. ಬೇರೆ ಊರುಗಳ ಘಟಕಗಳೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ, 77 ದಿನ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ, ಎಚ್‌ಎಎಲ್ ಕಡೆ, ಜಾಲಹಳ್ಳಿ ಕಡೆ, ಕೃಷ್ಣರಾಜಪುರದ ಕಡೆ, ಆ ಕಾಲ ಕಂಡ ಹಿರಿಯರನ್ನ ಕೇಳಿ. ಎರಡೂವರೆ ತಿಂಗಳು ಸಂಬಳ ಇಲ್ಲದ ಮನೆ ಹೇಗೆ ನಡೀತು ಅಂತ ಹೇಳ್ತಾರೆ.

1981ರ ಮಾರ್ಚಿನಲ್ಲಿ ಮುಷ್ಕರ ಮುಗೀತು. ಮುಖ್ಯ ಬೇಡಿಕೆ ಈಡೇರಲಿಲ್ಲ. ಕೇಂದ್ರ ಸರ್ಕಾರ ಬಗ್ಗಲಿಲ್ಲ, ಕಾರ್ಮಿಕರು ವಾಪಸ್ ಕೆಲಸಕ್ಕೆ ಹೋದರು.

ಸೋತ ಮುಷ್ಕರವನ್ನ ಯಾಕೆ ನೆನೆಸಬೇಕು? ಎರಡು ಕಾರಣ. ಮೊದಲನೆಯದು, ಆ ವಾದ ನಿಂತಿದ್ದೇ ಹೋಲಿಕೆಯ ಮೇಲೆ. ರಾಮಚಂದ್ರಾಪುರದಲ್ಲಿ ಒಬ್ಬ ಫಿಟ್ಟರ್‌ಗೆ ಎಷ್ಟು ಸಿಗುತ್ತೆ ಅಂತ ಬೆಂಗಳೂರಿನ ಫಿಟ್ಟರ್‌ಗೆ ಗೊತ್ತಿತ್ತು. ಗ್ರೇಡು, ಸಂಬಳ, ಎಷ್ಟು ವರ್ಷಕ್ಕೆ ಮುಂದಿನ ಹಂತ, ಎಲ್ಲ ಅಚ್ಚಾದ ಕಾಗದದಲ್ಲಿತ್ತು. ನಾವು ಎರಡು ಅಂತಸ್ತಿನ ಮೇಲಿನ ಟೀಮಿನಲ್ಲಿ ಅದೇ ಕೆಲಸ ಮಾಡೋರ ಗ್ರೇಡ್ ಕೂಡ ಹೇಳಲಾರೆವು. ಹೋಲಿಸೋಕೆ ಏನೂ ಇಲ್ಲದಿದ್ದರೆ ಅನ್ಯಾಯ ಆಗಿದೆ ಅಂತ ತೋರಿಸೋದು ಹೇಗೆ?

ಎರಡನೆಯದು, ಮುಷ್ಕರ ವರ್ಷಕ್ಕೆ ಒಂದಲ್ಲ, ದಶಕಕ್ಕೆ ಒಂದು. ಉಳಿದ ದಿನಗಳಲ್ಲಿ ಯೂನಿಯನ್ ಆಫೀಸಿನಲ್ಲಿ ನಡೆಯೋದು ಸಣ್ಣ ಕೆಲಸ: ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಕೆಳಗೆ ಹೋಗಿದೆ, ಟ್ರೇಡ್ ಟೆಸ್ಟ್ ಕರೆದಿಲ್ಲ, ಬಡ್ತಿ ಆದೇಶ ತಡ ಆಗಿದೆ. ಹಾಗೆ ಬರೆದ ಅರ್ಜಿಗಳು ಪೇಪರಿನಲ್ಲಿ ಬರಲಿಲ್ಲ. ಚರಿತ್ರೆ ಮುಷ್ಕರವನ್ನ ನೆನಪಿಟ್ಟುಕೊಳ್ಳುತ್ತೆ, ಅರ್ಜಿಗಳನ್ನ ಮರೆಯುತ್ತೆ. ಸಾಮಾನ್ಯ ನೌಕರನ ಬದುಕನ್ನ ಬದಲಿಸಿದ್ದು ಬಹುಪಾಲು ಅರ್ಜಿಗಳೇ.

ಇಕ್ರಿಸ್ಯಾಟ್: ಬಾಗಿಲೇ ಇಲ್ಲದ ಕಾಂಪೌಂಡು

ಈಗ ಪಟಾನ್‌ಚೆರುವಿಗೆ ವಾಪಸ್. ಇಲ್ಲಿನ ಅತಿ ಪ್ರಸಿದ್ಧ ವಿಳಾಸ ಇಕ್ರಿಸ್ಯಾಟ್, ಅರೆ ಶುಷ್ಕ ಉಷ್ಣವಲಯದ ಬೆಳೆಗಳ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ. 1972ರಲ್ಲಿ ಶುರುವಾಗಿದ್ದು, ಸುಮಾರು 1,400 ಹೆಕ್ಟೇರ್ ಜಾಗ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವರ ಬೆಳೆಗಳು, ಅಂದರೆ ಉತ್ತರ ಕರ್ನಾಟಕದ ಊಟದ ತಟ್ಟೆ. ಕಲಬುರಗಿ ಕಡೆ ಸೊರಗು ರೋಗ ತಡೆದು ಹೆಸರು ಮಾಡಿದ ‘ಮಾರುತಿ’ ತೊಗರಿ ಇಲ್ಲಿನ ತಳಿ ಸಂಗ್ರಹದಿಂದಲೇ ಬಂದದ್ದು.

ಇಂಥ ಜಾಗದಲ್ಲೂ ನೌಕರರಿಗೆ ಆಡಳಿತದ ಜೊತೆ ತಕರಾರು ಬಂತು. ಕೆಲಸ ಕಳೆದುಕೊಂಡ ನೌಕರರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಕೊನೆಗೆ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಇಕ್ರಿಸ್ಯಾಟ್ ನಮ್ಮ ಸರ್ಕಾರ ಸ್ಥಾಪಿಸಿದ ಸಂಸ್ಥೆಯಲ್ಲ, ಸಂವಿಧಾನದ ಅರ್ಥದಲ್ಲಿ ‘ಪ್ರಭುತ್ವ’ ಅಲ್ಲ, ಆದ್ದರಿಂದ ಅದರ ವಿರುದ್ಧ ಈ ರಿಟ್ ನಡೆಯಲ್ಲ. ಇದರ ಜೊತೆಗೆ ವಿಶ್ವಸಂಸ್ಥೆಯ ಅಂಗಗಳಿಗೆ ಕೊಡೋ ರೀತಿಯ ವಿನಾಯಿತಿಯನ್ನು 1972ರಲ್ಲೇ ಸರ್ಕಾರದ ಅಧಿಸೂಚನೆ ಈ ಸಂಸ್ಥೆಗೆ ಕೊಟ್ಟಿತ್ತು.

ಇಲ್ಲಿ ತಪ್ಪು ಯಾರದು ಅನ್ನೋದು ನನ್ನ ವಿಷಯ ಅಲ್ಲ. ನೌಕರರ ದೂರು ಸರಿಯೋ ತಪ್ಪೋ ಅಂತ ಕೋರ್ಟ್ ತೂಗಿ ಕೊಟ್ಟ ಉತ್ತರವೂ ಇದಲ್ಲ. ‘ಇದು ಈ ಬಾಗಿಲಲ್ಲ’ ಅಂತ ಮಾತ್ರ ಹೇಳಿದ್ದು. ಅದು ಗೊತ್ತಾಗೋ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ನೀವು ಸೇರಿರೋ ಕಂಪನಿ ಯಾವ ಕಾನೂನಿನ ಕೆಳಗಿದೆ, ಯಾವ ರಾಜ್ಯದ ಇಲಾಖೆ ಅದನ್ನ ನೋಡುತ್ತೆ, ಆಫರ್ ಲೆಟರಿನಲ್ಲಿ ನಿಮ್ಮ ಮಾಲೀಕರು ಅಂತ ಯಾರ ಹೆಸರಿದೆ, ಇದೆಲ್ಲ ತಕರಾರು ಬರೋ ಮೊದಲು ತಿಳಿದಿರಬೇಕು. ವಿದೇಶಿ ಕಂಪನಿಗೆ ಕೆಲಸ ಮಾಡ್ತಾ, ಸಂಬಳ ಬೇರೆ ಏಜೆನ್ಸಿಯಿಂದ ತಗೊಳ್ಳೋ ಎಷ್ಟೋ ಜನ ನಮ್ಮಲ್ಲಿದ್ದಾರೆ. ಅವರ ಬಾಗಿಲು ಯಾವುದು ಅಂತ ಅವರಿಗೇ ತಿಳಿದಿಲ್ಲ.

ಮೈಸೂರಿನ ಎಂಜಿನಿಯರ್ ಕಾದ ಇಪ್ಪತ್ತು ವರ್ಷ

ಬಾಗಿಲು ತೆರೆದ ಒಂದು ಪ್ರಕರಣವೂ ಇದೆ, ಅದು ಮೈಸೂರಿನದು. ಚೆಲುವಾಂಬ ಮಹಲಿನಲ್ಲಿರೋ ಸಿಎಫ್‌ಟಿಆರ್‌ಐ ಗೊತ್ತಲ್ಲ, 1950ರಲ್ಲಿ ಶುರುವಾದ ಆಹಾರ ಸಂಶೋಧನಾಲಯ, ಸಿಎಸ್‌ಐಆರ್ ಅಡಿಯಲ್ಲಿ ಬರೋದು. ಅಲ್ಲಿನ ಒಬ್ಬ ಸಿವಿಲ್ ಎಂಜಿನಿಯರ್‌ಗೆ ಸುಮಾರು ಇಪ್ಪತ್ತು ವರ್ಷ ಒಂದೂ ಬಡ್ತಿ ಅವಕಾಶ ಬರಲಿಲ್ಲ. ವಿಜ್ಞಾನಿಗಳಿಗೆ ಮೌಲ್ಯಮಾಪನ ಮಾಡಿ ಮೇಲೇರಿಸೋ ವ್ಯವಸ್ಥೆ ಇತ್ತು. ಕಟ್ಟಡ ನೋಡಿಕೊಳ್ಳೋ ಎಂಜಿನಿಯರ್ ಆ ಪಟ್ಟಿಗೆ ಬರಲ್ಲ ಅಂತ ಸಂಸ್ಥೆಯ ವಾದ.

ಕೇಂದ್ರದ ನೌಕರರಿಗೆ ಅಂತ 1985ರ ಕಾಯ್ದೆಯಿಂದ ಆಡಳಿತ ನ್ಯಾಯಮಂಡಳಿ ಬಂದಿತ್ತು. ಇಲ್ಲಿಗೆ ಯೂನಿಯನ್ ಬೇಕಿಲ್ಲ, ಒಬ್ಬರೇ ಹೋಗಬಹುದು. ನ್ಯಾಯಮಂಡಳಿ ಎಂಜಿನಿಯರ್ ಪರ ನಿಂತಿತು. ಸಿಎಸ್‌ಐಆರ್ ಸುಪ್ರೀಂ ಕೋರ್ಟಿಗೆ ಹೋಯಿತು. 1989ರಲ್ಲಿ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಬೈಲಾದ ಅಕ್ಷರ ನೋಡಿದರೆ ಸಿಎಸ್‌ಐಆರ್ ವಾದದಲ್ಲಿ ಹುರುಳಿತ್ತು. ಆದರೂ ಕೋರ್ಟ್ ಕೈ ಹಾಕಲು ಒಪ್ಪಲಿಲ್ಲ. ಒಬ್ಬ ಮನುಷ್ಯನನ್ನ ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ಕೂರಿಸಿರೋದು ಆಡಳಿತಕ್ಕೇ ಅವಮಾನ ಅನ್ನೋ ಅರ್ಥದ ಮಾತು ತೀರ್ಪಿನಲ್ಲಿದೆ. ಸಂಸ್ಥೆ ನೇಮಿಸಿಕೊಳ್ಳೋದು ಎರಡು ಕೈಗಳನ್ನಲ್ಲ, ಇಡೀ ಮನುಷ್ಯನನ್ನ, ಒಂದು ಹುದ್ದೆಗಲ್ಲ, ಒಂದು ವೃತ್ತಿಜೀವನಕ್ಕೆ ಅನ್ನೋದು ಅದರ ಸಾರಾಂಶ. ಬಡ್ತಿ ಅವಕಾಶ ಇಲ್ಲದ ಸಂಸ್ಥೆ ತಾನೇ ಬೆಳೆಯಲ್ಲ ಅಂತಲೂ ಕೋರ್ಟ್ ಹೇಳಿತು.

ಸರ್ಕಾರಿ ವಲಯದಲ್ಲಿ ಈ ಕೊರಗಿಗೆ ನಿಯಮದ ಉತ್ತರವೂ ಬಂತು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ 1983ರಿಂದ 16 ವರ್ಷ ಮುಗಿಸಿದವರಿಗೆ ಒಂದು ಕಾಲಬದ್ಧ ಬಡ್ತಿ. ಕೇಂದ್ರದ ನೌಕರರಿಗೆ 1999ರಿಂದ 12 ಮತ್ತು 24ನೇ ವರ್ಷಕ್ಕೆ, 2008ರಿಂದ 10, 20, 30ನೇ ವರ್ಷಕ್ಕೆ ಮೇಲಿನ ಹಂತದ ಆರ್ಥಿಕ ಸೌಲಭ್ಯ. ಕರ್ನಾಟಕ ಸರ್ಕಾರದಲ್ಲೂ 1983ರ ಕಾಲಬದ್ಧ ಮುಂಬಡ್ತಿ ನಿಯಮ ಇದೆ. ಅಪ್ಪನೋ ಅಮ್ಮನೋ ಮೇಷ್ಟ್ರು, ಗುಮಾಸ್ತರು ಆಗಿದ್ದ ಮನೆಯಲ್ಲಿ ಬೆಳೆದವರು ‘ಟೈಮ್ ಬೌಂಡ್ ಬಂತಾ?’ ಅನ್ನೋ ಮಾತು ಕೇಳೇ ಇರ್ತೀರಿ. ಆ ಒಂದು ಮಾತಿನ ಹಿಂದೆ ಎಷ್ಟೋ ವರ್ಷಗಳ ಅರ್ಜಿ, ಸಂಘ, ಕೋರ್ಟು ಇದೆ. ನಾವು ಅದನ್ನ ಸರ್ಕಾರಿ ಸೋಮಾರಿತನ ಅಂತ ನಕ್ಕುಬಿಡ್ತೀವಿ. ಹುದ್ದೆ ಖಾಲಿ ಇಲ್ಲ ಅನ್ನೋ ನೆಪಕ್ಕೆ ಮನುಷ್ಯನ ಬದುಕು ನಿಲ್ಲಬಾರದು ಅನ್ನೋ ವಿಚಾರ ಅದು.

ಐಟಿಯಲ್ಲಿ ಏನಿದೆ?

ಈಗ ನಮ್ಮ ಮನೆಗೆ ಬರೋಣ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಪ್ರಕಾರ ಸಂಸ್ಥೆಗಳು ಸೇವಾ ನಿಯಮಗಳನ್ನ ಬರೆದು ಸರ್ಕಾರದ ಮುಂದೆ ದೃಢೀಕರಿಸಿಕೊಳ್ಳಬೇಕಿತ್ತು. ಕರ್ನಾಟಕ ಐಟಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಮತ್ತೆ, 2024ರಲ್ಲಿ ಮತ್ತೊಮ್ಮೆ. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ‘ಕಿಟು’ ಈ ವಿನಾಯಿತಿ ಬೇಡ ಅಂತ ಹೇಳುತ್ತಲೇ ಬಂದಿದೆ.

ಆದರೆ ವಿನಾಯಿತಿ ಪುಕ್ಕಟೆ ಅಲ್ಲ, ಷರತ್ತುಗಳಿದ್ದವು. ಅದರಲ್ಲಿ ಒಂದು: ಮಾಲೀಕರ ಮತ್ತು ನೌಕರರ ಪ್ರತಿನಿಧಿಗಳು ಸಮ ಸಂಖ್ಯೆಯಲ್ಲಿರೋ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ಗೆಳೆಯರನ್ನ ಕೇಳಿದ್ದೀನಿ, ನಿಮ್ಮ ಸಮಿತಿಯಲ್ಲಿ ನೌಕರರ ಪ್ರತಿನಿಧಿ ಯಾರು ಅಂತ. ನನ್ನ ಗೆಳೆಯರಲ್ಲಿ ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ.

ಟ್ರೈನಿಂಗ್ ವಿಷಯದಲ್ಲಿ ಇತ್ತೀಚೆಗೆ ಸುದ್ದಿಯಾದದ್ದು ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್. 2025ರ ಫೆಬ್ರವರಿಯಲ್ಲಿ ಆಂತರಿಕ ಪರೀಕ್ಷೆ ದಾಟದ 300ಕ್ಕೂ ಹೆಚ್ಚು ಟ್ರೇನಿಗಳನ್ನ ಕಂಪನಿ ಹೊರಗೆ ಕಳಿಸಿತು. ಮೂರು ಅವಕಾಶ ಕೊಡ್ತೀವಿ, ಪಾಸಾಗದಿದ್ದರೆ ಮುಂದುವರಿಸಲ್ಲ ಅನ್ನೋದು ಮೊದಲಿಂದಲೂ ಇರೋ ನಿಯಮ ಅಂತ ಕಂಪನಿ ಹೇಳಿತು. ‘ನೈಟ್ಸ್’ ಅನ್ನೋ ಐಟಿ ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಸಚಿವಾಲಯ ಕರ್ನಾಟಕದ ಕಾರ್ಮಿಕ ಇಲಾಖೆಗೆ ಬರೆಯಿತು, ಅಧಿಕಾರಿಗಳು ಕ್ಯಾಂಪಸ್‌ಗೆ ಹೋದರು. ಅಲ್ಲೂ ಮುಖ್ಯವಾಗಿ ಎದ್ದ ಪ್ರಶ್ನೆ ಬಾಗಿಲಿನದೇ: ಇವರು ನೌಕರರಾ, ಅಪ್ರೆಂಟಿಸ್‌ಗಳಾ? ಮತ್ತೆ ಗಮನಿಸಿ, ಮುನ್ನೂರು ಜನರಲ್ಲಿ ಒಬ್ಬೊಬ್ಬರ ಮೇಲ್ ದೆಹಲಿ ತನಕ ಹೋಗ್ತಿರಲಿಲ್ಲ. ಒಟ್ಟಾಗಿ ಕೊಟ್ಟ ದೂರು ಹೋಯಿತು.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದಿದೆ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ, ಎರಡೂ ಕಡೆಯವರು ಸಮಸಂಖ್ಯೆ, ಹೆಚ್ಚೆಂದರೆ ಹತ್ತು ಜನ. ಕಾರಣ ಹುಟ್ಟಿದ ಒಂದು ವರ್ಷದೊಳಗೆ ದೂರು ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು. ಸಮಾಧಾನ ಆಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಯ ಹತ್ತಿರ ಹೋಗಬಹುದು, ಆದರೆ ನೀವು ಸದಸ್ಯರಾಗಿರೋ ಯೂನಿಯನ್ ಮೂಲಕ. ಹಳೇ ಮಾತೇ ಮತ್ತೆ ಬಂತು ನೋಡಿ. ಒಳಗಿನ ಬಾಗಿಲಿಗೆ ಒಬ್ಬರು ಸಾಕು, ಹೊರಗಿನ ಬಾಗಿಲಿಗೆ ಜೊತೆ ಬೇಕು.

‘ನಾವು ಕಾರ್ಮಿಕರಾ?’ ಅಂತ ಕೇಳ್ತೀರಿ. ಕಾನೂನಿನ ವ್ಯಾಖ್ಯಾನದಲ್ಲಿ ತಾಂತ್ರಿಕ ಕೆಲಸ ಮಾಡೋರೂ ಇದ್ದಾರೆ. ಹೊರಗಿರೋದು ಆಡಳಿತಾತ್ಮಕ, ಮ್ಯಾನೇಜರ್ ಕೆಲಸ ಮಾಡೋರು ಮತ್ತು ತಿಂಗಳಿಗೆ 18,000 ರೂಪಾಯಿ ಮೀರಿದ ಮೇಲ್ವಿಚಾರಕರು. ಹುದ್ದೆಯ ಹೆಸರಲ್ಲ, ದಿನವಿಡೀ ನಿಜವಾಗಿ ಮಾಡೋ ಕೆಲಸ ಏನು ಅನ್ನೋದನ್ನ ಕೋರ್ಟುಗಳು ನೋಡ್ತವೆ. ಕೋಡ್ ಬರೆಯೋರಿಗೆ ‘ಅಸಿಸ್ಟೆಂಟ್ ಮ್ಯಾನೇಜರ್’ ಅಂತ ಬೋರ್ಡ್ ಹಾಕಿದರೆ ಅಷ್ಟರಿಂದಲೇ ಮ್ಯಾನೇಜರ್ ಆಗಲ್ಲ.

ಆರು ಸಹಿ

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಇದೇ ಆಯಿತು. ಒಂಬತ್ತು ತಿಂಗಳ ಟ್ರೈನಿಂಗ್, ಕೊನೆಗೆ ಪರೀಕ್ಷೆ, ಆಮೇಲೆ ಲೀಡ್ ಗ್ರೇಡ್. ನಮ್ಮ ಬ್ಯಾಚಿನಲ್ಲಿ ಹನ್ನೊಂದು ಜನ. ಏಳನೇ ತಿಂಗಳಲ್ಲಿ ‘ಹೋಲ್ಡ್’. ಅಷ್ಟರಲ್ಲಿ ಇಬ್ಬರು ಎಲ್ಲ ಹಂತ ಮುಗಿಸಿ ಪರೀಕ್ಷೆಯನ್ನೂ ಬರೆದಿದ್ದರು. ಊಟದ ಹೊತ್ತಿನಲ್ಲಿ ಎಲ್ಲರೂ ಬೈಕೊಂಡ್ವಿ. ಬರೆದು ಕೊಡೋಣ ಅಂದಾಗ ಐದು ಜನ ಹಿಂದೆ ಸರಿದರು. ಒಬ್ಬರಿಗೆ ಆನ್‌ಸೈಟ್ ಆಸೆ, ಇನ್ನೊಬ್ಬರಿಗೆ ಹೊಸ ಮನೆ ಸಾಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಭಯಕ್ಕೆ ಕಾರಣ ಇತ್ತು.

ಆರು ಜನ ಸಹಿ ಹಾಕಿದ್ವಿ. ಬೀದರಿನ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು, ನಾವೆಲ್ಲ ಅಣ್ಣ ಅಂತಿದ್ವಿ. ಅವರ ತಂದೆ ಕಾರ್ಖಾನೆಯಲ್ಲಿ ಯೂನಿಯನ್ ಕೆಲಸ ಮಾಡಿದವರು. ಅಣ್ಣ ನಮ್ಮ ಕರಡು ಓದಿ ಅರ್ಧ ಹೊಡೆದು ಹಾಕಿದರು. ‘ಬ್ಯಾಸರ ಆಗ್ಯದ ಅಂತ ಬರೀಬ್ಯಾಡ್ರಿ, ಯಾವ ತಾರೀಖಿಗೆ ಏನು ಹೇಳಿದ್ರು ಅದನ್ನ ಬರೀರಿ’ ಅಂದರು. ಉಳಿದದ್ದು ಒಂದು ಪುಟ. ಕಾರ್ಯಕ್ರಮ ಘೋಷಿಸಿದ ಮೇಲಿನ ತಾರೀಖು, ಅದರಲ್ಲಿದ್ದ ಬಡ್ತಿಯ ಸಾಲು, ಯಾರು ಎಷ್ಟು ಮುಗಿಸಿದ್ದಾರೆ ಅನ್ನೋ ಪಟ್ಟಿ, ತಡೆಹಿಡಿದ ದಿನ. ಕೊನೆಗೆ ಮೂರು ಕೇಳಿಕೆ: ಮುಗಿಸಿದವರ ಫಲಿತಾಂಶ ಕೊಡಿ, ಅರ್ಧ ಮುಗಿಸಿದವರ ಹಂತಗಳನ್ನ ಹಾಗೇ ಉಳಿಸಿ, ಮತ್ತೆ ಯಾವಾಗ ಶುರು ಅಂತ ಒಂದು ತಾರೀಖು ಹೇಳಿ.

ಮೊದಲ ಉತ್ತರ ‘ಬಿಸಿನೆಸ್ ನಿರ್ಧಾರ’ ಅಂತ ಬಂತು. ಎರಡನೇ ಸಲ ಬರೆದ್ವಿ, ಮೂರನೇ ಸಲ ಬರೆದ್ವಿ. ಐದು ತಿಂಗಳ ಮೇಲೆ ಮುಗಿಸಿದ ಇಬ್ಬರಿಗೆ ಗ್ರೇಡ್ ಬಂತು, ಪರೀಕ್ಷೆ ಬರೆದ ತಿಂಗಳಿಂದಲೇ ಲೆಕ್ಕ. ಉಳಿದವರ ಹಂತಗಳನ್ನ ಉಳಿಸ್ತೀವಿ ಅಂತ ಬರೆದು ಕೊಟ್ಟರು. ಮತ್ತೆ ಶುರು ಮಾಡೋ ತಾರೀಖು ಮಾತ್ರ ಬರಲೇ ಇಲ್ಲ. ನಾನು ಅಲ್ಲಿಂದ ಬಿಟ್ಟು ಬಂದೆ. ಗ್ರೇಡ್ ಸಿಕ್ಕ ಇಬ್ಬರಲ್ಲಿ ಒಬ್ಬರು ಸಹಿ ಹಾಕದೇ ಇದ್ದವರು. ಅದೂ ಸರಿಯೇ. ಒಪ್ಪಂದ ಎಲ್ಲರನ್ನೂ ಕಟ್ಟಿಹಾಕುತ್ತೆ ಅಂದ್ನಲ್ಲ, ಹಾಗೇ ಲಾಭವೂ ಎಲ್ಲರದು. ಯೂನಿಯನ್ ಚರಿತ್ರೆ ಪೂರ್ತಿ ಹೀಗೇ ನಡೆದು ಬಂದಿದೆ.

ಕೊನೆಗೆ ಕೆಲಸಕ್ಕೆ ಬರೋ ಮಾತು. ಹೊರರಾಜ್ಯದಲ್ಲಿರೋರು ಒಂದು ತಿಳಿದಿರಲಿ: ಕರ್ನಾಟಕದ ಅಧಿಸೂಚನೆ ಪಟಾನ್‌ಚೆರುವಿಗೆ ಅನ್ವಯ ಆಗಲ್ಲ. ಇಲ್ಲಿ ತೆಲಂಗಾಣದ ಕಾರ್ಮಿಕ ಇಲಾಖೆ, ಪುಣೆಯಲ್ಲಿ ಮಹಾರಾಷ್ಟ್ರದ್ದು. ಭಾಷೆ ಬರಲ್ಲ ಅಂತ ಹಿಂಜರಿಯಬೇಡಿ, ಅರ್ಜಿ ಇಂಗ್ಲಿಷಿನಲ್ಲಿ ಕೊಡಬಹುದು. ನಿಮ್ಮ ಸಮಿತಿಯಲ್ಲಿ ನೌಕರರ ಪ್ರತಿನಿಧಿ ಯಾರು ಅಂತ ಈ ವಾರ ಒಂದು ಮೇಲ್ ಹಾಕಿ ಕೇಳಿ. ಟ್ರೈನಿಂಗ್ ಬಗ್ಗೆ ಬಂದ ಪ್ರತಿ ಘೋಷಣೆಯ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಒಂದು ವರ್ಷದ ಗಡುವು ಮರೆಯಬೇಡಿ. ಪಕ್ಕದ ಸೀಟಿನವರನ್ನ ಚಹಾಕ್ಕೆ ಕರೆದು, ನಿಮ್ಮದೂ ನಿಂತಿದೆಯಾ ಅಂತ ಕೇಳಿ. ಯೂನಿಯನ್ ನೋಂದಣಿಗೆ ಅರ್ಜಿ ಹಾಕೋಕೆ ಕಾನೂನು ಕೇಳೋದು ಕನಿಷ್ಠ ಏಳು ಜನ. ಆರು ಸಹಿ ಆದ ಕಡೆ ಏಳನೆಯದು ತುಂಬಾ ದೂರ ಇರಲ್ಲ.